ಲೋಕಸಭೆಯ ಬೀಗದ ಕೈ ಯಾರಲ್ಲಿರಬೇಕು?

ಸಣ್ಣ ಊರೊಂದರ ಸಹಕಾರಿ ಸಂಘದಲ್ಲಿ ಕೂಡ, ಆಡಳಿತ ಮಂಡಲಿಯವರು ಸರ್ವಸದಸ್ಯರ ಸಭೆಯನ್ನು ಕರೆಯಲು ಹಿಂಜರಿದರೆ, ಗೊತ್ತುಪಡಿಸಿದ ಸಂಖ್ಯೆಯ ಸದಸ್ಯರು ಬರೆದು ಕೇಳಿ ಅದನ್ನು ಕರೆಯಿಸಬಹುದು. ಈ ಮಹಾದೇಶದ ಲೋಕಸಭೆಯ ಸದಸ್ಯರಿಗೆ, ಒಂದೇ ಒಂದು ಪ್ರಸಂಗವನ್ನುಳಿದು, ಅಷ್ಟು ಹಕ್ಕೂ ಇಲ್ಲವೆಂಬುದು ವಾಚಕರಲ್ಲಿ ಎಷ್ಟು ಮಂದಿಗೆ ಗೊತ್ತು?

ನಮ್ಮ ರಾಜ್ಯಾಂಗದ ೮೫ನೆಯ ಕಲಮಿನ ಮೇರೆಗೆ ಉಭಯ ಸಭೆಗಳನ್ನು ಕರೆಯತಕ್ಕವರು ರಾಷ್ಟ್ರಪತಿಗಳು. ಅಧಿವೇಶನವನ್ನು ಮುಗಿಸತಕ್ಕವರೂ ಲೋಕಸಭೆಯನ್ನು ವಿಸರ್ಜಿಸತಕ್ಕವರೂ ಅವರೇ. ಆದರೆ ರಾಷ್ಟ್ರಪತಿಗಳು ನಡೆಯುವುದು ಮಂತ್ರಿಮಂಡಲದ ಸಲಹೆಯಂತೆ. ಎಂದಮೇಲೆ, ಯಾರು ಸಭೆಗೆ ಉತ್ತರ ಕೊಡಬೇಕೋ ಅವರ ಕೈಯಲ್ಲಿಯೇ ಸಭೆಯ ಬೀಗದ ಕೈ! ಇದಕ್ಕೆ ಇರುವ ಕಟ್ಟು ಒಂದೇ: ಒಂದು ಅಧಿವೇಶನದ ಕೊನೆಯ ದಿನಕ್ಕೂ ಮುಂದಿನದರ ಮೊದಲ ದಿನಕ್ಕೂ ನಡುವೆ ಆರು ತಿಂಗಳು ಕಳೆಯಕೂಡದು. ಸೇರಿದ ಸಭೆ ಎಷ್ಟು ದಿನ ನಡೆಯಬೇಕೆಂಬ ಬಗ್ಗೆ ಒಂದು ಮಾತೂ ಇಲ್ಲ.

ಈ ಅಧಿಕಾರ ಎಂಥದೆಂಬುದಕ್ಕೆ ಇಂಗ್ಲಂಡದ ಚರಿತ್ರೆಯೇ ಸಾಕ್ಷಿ. ಒಂದನೆಯ ಚಾರ್ಲ್ಸ್ ದೊರೆಯು ೧೬೨೯ರಿಂದ ೧೬೪೦ರ ವರೆಗೆ ಪಾರ್ಲಿಮೆಂಟನ್ನೇ ಕರೆಯದೆ ಆಳಿದನು. ಅದು ಹಳೆಯ ಕಥೆಯೆನ್ನುವಂತಿಲ್ಲ. ೨೦೧೯ರಲ್ಲಿ ಅಲ್ಲಿಯ ಪ್ರಧಾನಿಯ ಸಲಹೆಯಂತೆ ಪಾರ್ಲಿಮೆಂಟನ್ನು ಐದು ವಾರ ಮುಚ್ಚಿದಾಗ, ಆ ದೇಶದ ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ಮಂದಿ ನ್ಯಾಯಾಧೀಶರೂ ಒಮ್ಮತದಿಂದ ಅದು ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತರು.

೧೯೪೯ರಲ್ಲಿ ನಮ್ಮ ರಾಜ್ಯಾಂಗ ಸಭೆಯಲ್ಲಿ ಪ್ರೊಫೆಸರ್ ಕೆ. ಟಿ. ಶಹಾ ಅವರು ಈ ಅಪಾಯವನ್ನು ಎತ್ತಿ ತೋರಿಸಿದರು. ಸಭೆಗಳು ಬೇಸರ ಬರುವಷ್ಟು ಮೇಲಿಂದ ಮೇಲೆ ಸೇರಬಹುದೆಂಬುದೇ ತಮ್ಮ ಭಯವೆಂದು ಡಾಕ್ಟರ್ ಅಂಬೇಡ್ಕರರು ಉತ್ತರ ಕೊಟ್ಟರು. ಆ ಸದಾಶಯವನ್ನು ಕಾಲವು ಉಳಿಸಿಕೊಡಲಿಲ್ಲ. ೨೦೨೦ರ ಸಪ್ಟಂಬರ ೨೩ಕ್ಕೆ ಮುಗಿದ ಸಭೆ ೨೦೨೧ರ ಜನವರಿ ೨೯ರ ವರೆಗೆ ಸೇರಲಿಲ್ಲ. ರೋಗದ ಕಾರಣದಿಂದ ಚಳಿಗಾಲದ ಅಧಿವೇಶನವನ್ನು ಕೈಬಿಡಲಾಯಿತು. ಆಗ ಹೊಸ ಕೃಷಿ ಕಾನೂನುಗಳನ್ನು ವಿರೋಧಿಸಿ ರೈತರು ದಿಲ್ಲಿಯ ಗಡಿಯಲ್ಲಿ ಕುಳಿತಿದ್ದರು. ಆರು ತಿಂಗಳ ನಿಯಮ ಮುರಿಯಲಿಲ್ಲ, ನಿಜ. ಆದರೆ ನಿಯಮದ ಉದ್ದೇಶ ಉಳಿಯಿತೆ?

ವಿಸರ್ಜನೆಯ ಅಧಿಕಾರವನ್ನು ನಾವು ಅಷ್ಟಾಗಿ ಆಕ್ಷೇಪಿಸುವುದಿಲ್ಲ. ೧೯೭೦ರ ಡಿಸೆಂಬರದಲ್ಲಿ ಲೋಕಸಭೆಯನ್ನು ಅವಧಿಗೆ ಮುಂಚೆಯೇ ವಿಸರ್ಜಿಸಿದಾಗ, ಮರುವರ್ಷವೇ ಪ್ರಜೆಗಳು ತೀರ್ಮಾನ ಹೇಳಿದರು. ಕೆಡುಕಾದದ್ದು ಆ ಮೇಲೆ, ವಿಸರ್ಜಿಸದೆ ಇದ್ದುದರಿಂದ. ೧೯೭೬ರಲ್ಲಿ ಮುಗಿಯಬೇಕಾಗಿದ್ದ ಸಭೆಯ ಆಯುಷ್ಯವನ್ನು ತುರ್ತು ಪರಿಸ್ಥಿತಿಯ ನೆವದಿಂದ ಬೆಳೆಸಲಾಯಿತು; ೪೨ನೆಯ ತಿದ್ದುಪಡಿಯಂತೂ ಐದು ವರ್ಷದ ಅವಧಿಯನ್ನು ಆರಕ್ಕೆ ಏರಿಸಿತು. ೧೯೭೮ರ ೪೪ನೆಯ ತಿದ್ದುಪಡಿಯು ಅದನ್ನು ಮತ್ತೆ ಐದಕ್ಕಿಳಿಸಿತು. ವಿಸರ್ಜನೆಯು ಮಂತ್ರಿಗಳನ್ನು ಪ್ರಜೆಗಳ ಮುಂದೆ ನಿಲ್ಲಿಸುತ್ತದೆ. ಸಭೆಯನ್ನು ಕರೆಯದಿರುವುದು ಯಾರ ಮುಂದೆಯೂ ನಿಲ್ಲಿಸುವುದಿಲ್ಲ.

ಕನ್ನಡಿಗರಿಗೆ ಈ ಪಾಠ ದೂರದ್ದಲ್ಲ. ೧೯೮೯ರಲ್ಲಿ ಕರ್ನಾಟಕದ ಬೊಮ್ಮಾಯಿ ಮಂತ್ರಿಮಂಡಲವನ್ನು ವಜಾ ಮಾಡಿದುದರಿಂದ ಹುಟ್ಟಿದ ಮೊಕದ್ದಮೆಯಲ್ಲಿಯೇ, ಬಹುಮತದ ಪರೀಕ್ಷೆ ಸಭೆಯ ಒಳಗೆ ನಡೆಯತಕ್ಕದ್ದೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ೧೯೯೪ರಲ್ಲಿ ಹೇಳಿತು. ಪರೀಕ್ಷೆ ಸಭೆಯೊಳಗೆ ನಡೆಯಬೇಕಾದರೆ ಮೊದಲು ಸಭೆಯ ಬಾಗಿಲು ತೆರೆದಿರಬೇಕಷ್ಟೆ!

ಪರಿಹಾರಕ್ಕಾಗಿ ದೂರ ಹೋಗಬೇಕಾಗಿಲ್ಲ. ಲೋಕಸಭೆಯು ವರ್ಷಕ್ಕೆ ಕಡಿಮೆಯೆಂದರೆ ೧೨೦ ದಿನ, ರಾಜ್ಯಸಭೆಯು ೧೦೦ ದಿನ ಸೇರಬೇಕೆಂದು ರಾಜ್ಯಾಂಗದ ಪುನರ್ವಿಮರ್ಶೆಯ ಆಯೋಗವು ೨೦೦೨ರಲ್ಲಿಯೇ ಸೂಚಿಸಿದೆ. ಆರಂಭದಲ್ಲಿ ನಾವು ಹೇಳಿದ ಆ ಒಂದು ಪ್ರಸಂಗವು ೩೫೨ನೆಯ ಕಲಮಿನಲ್ಲಿದೆ: ತುರ್ತು ಪರಿಸ್ಥಿತಿಯ ಘೋಷಣೆಯನ್ನು ನಿರಾಕರಿಸಲು ಲೋಕಸಭೆಯ ಹತ್ತರಲ್ಲೊಂದು ಪಾಲು ಸದಸ್ಯರು ಸಹಿಮಾಡಿ ಸೂಚನೆಯಿತ್ತರೆ ಹದಿನಾಲ್ಕು ದಿನಗಳೊಳಗೆ ವಿಶೇಷ ಸಭೆ ಸೇರಲೇಬೇಕು. ಈ ಹಕ್ಕನ್ನು ತುರ್ತಿನ ಕಾಲಕ್ಕಷ್ಟೇ ಕಟ್ಟಿಹಾಕದೆ ಎಲ್ಲ ಕಾಲಕ್ಕೂ ವಿಸ್ತರಿಸಬೇಕು; ಸಭೆ ಸೇರುವ ದಿನಗಳನ್ನೂ ಕಾನೂನಿನಿಂದಲೇ ಗೊತ್ತುಪಡಿಸಬೇಕು. ಯಾವ ಪಕ್ಷ ಅಧಿಕಾರದಲ್ಲಿದ್ದರೂ ನಮ್ಮ ಬೇಡಿಕೆ ಇದೇ. ಪ್ರಜೆಗಳು ಆರಿಸಿ ಕಳುಹಿದವರು ಒಳಗೆ ಬರಲು ಮಂತ್ರಿಗಳ ಅಪ್ಪಣೆಗಾಗಿ ಕಾಯತಕ್ಕದ್ದಲ್ಲ.