ಸ್ಟೀಲ್ ಜಾಲರಿ ಪೈಪ್ ಹಾಕ್ಸೋ ಮುಂಚೆ ಜಾಯಿಂಟ್ ನೋಡಿ

ಹೋದ ಮುಂಗಾರಿನ ಮಾತು. ಹೊಳೆನರಸೀಪುರದ ಕಡೆ ನಮ್ಮೂರಲ್ಲಿ ಆಲೂಗೆಡ್ಡೆ ಬಿತ್ತನೆ ಜೋರಾಗಿತ್ತು. ಪಕ್ಕದ ಹೊಲದ ಅಣ್ಣ ಜಲಂಧರ್ ಬಿತ್ತನೆ ಗೆಡ್ಡೆ ತಂದು, ಕತ್ತರಿಸಿ, ಔಷಧಿ ಬೆರೆಸಿ ನೆರಳಲ್ಲಿ ಹರಡಿದ್ರು. ಸಾಲು ಹೊಡೆಯೋಕೆ ನನ್ನ ಟ್ರ್ಯಾಕ್ಟರ್‌ಗೆ ಹೇಳಿದ್ರು. ಒಂದು ಗಂಟೆ ಚೆನ್ನಾಗೇ ಓಡ್ತು. ಆಮೇಲೆ ಕೆಮ್ಮೋಕೆ ಶುರು ಮಾಡಿ ನಿಂತೇಹೋಯ್ತು. ಏರ್ ತೆಗೆದ್ರೆ ಹತ್ತು ನಿಮಿಷ ಓಡೋದು, ಮತ್ತೆ ನಿಲ್ಲೋದು. ಸಂಜೆಗೆ ಮಳೆ ಹಿಡೀತು. ಮೂರು ದಿನ ಹೊಲಕ್ಕೆ ಕಾಲಿಡೋಕೆ ಆಗ್ಲಿಲ್ಲ. ಕತ್ತರಿಸಿಟ್ಟ ಗೆಡ್ಡೆಯಲ್ಲಿ ಒಂದಷ್ಟು ಕೊಳೆತುಹೋಯ್ತು. ಆ ಅಣ್ಣ ನನಗೆ ಒಂದು ಮಾತೂ ಬೈಲಿಲ್ಲ. ಬೈದಿದ್ರೇ ಚೆನ್ನಾಗಿತ್ತು ಅನ್ನಿಸ್ತು.

ತಪ್ಪು ನನ್ನದೇ. ಹಿಂದಿನ ವಾರ ಹಳೇ ರಬ್ಬರ್ ಡೀಸೆಲ್ ಪೈಪ್ ಬಿರುಕು ಬಿಟ್ಟಿತ್ತು ಅಂತ, ಫೋನಲ್ಲಿ ಒಂದು ವಿಡಿಯೋ ನೋಡಿ, ಮೇಲೆ ಸ್ಟೀಲ್ ಜಾಲರಿ ಹೆಣೆದ ಪೈಪು, ಬಣ್ಣದ ಫಿಟ್ಟಿಂಗು ತರಿಸಿ ನಾನೇ ಹಾಕಿದ್ದೆ. ನೋಡೋಕೆ ಭರ್ಜರಿಯಾಗಿತ್ತು. ಊರಿನ ಹಿರಿಯ ಮೇಸ್ತ್ರಿ ಬಂದು ಬಿಚ್ಚಿ ನೋಡಿ ಒಂದೇ ಮಾತು ಹೇಳಿದ್ರು: "ಏನ್ಲಾ ಮಗ, ಪೈಪ್ ಒಂದು ಜಾತಿ, ಫಿಟ್ಟಿಂಗ್ ಇನ್ನೊಂದು ಜಾತಿ. ಎರಡಕ್ಕೂ ಮದುವೆ ಮಾಡಿದೀಯಲ್ಲ!"

ಅವತ್ತಿಂದ ನನ್ನ ಅಭಿಪ್ರಾಯ ಇದು: ಜಾಲರಿ ಪೈಪ್ ಕೆಟ್ಟದ್ದಲ್ಲ. ಆದ್ರೆ ಜಾಯಿಂಟ್ ಅರ್ಥ ಆಗದೆ ಪೈಪಿನ ಹೊಳಪು ನೋಡಿ ದುಡ್ಡು ಹಾಕೋದು ದಂಡ. ನಮ್ಮಲ್ಲಿ ಬಹುಪಾಲು ಟ್ರ್ಯಾಕ್ಟರ್, ಟಿಲ್ಲರ್‌ಗಳಿಗೆ ಕಂಪನಿ ಪೈಪು, ಇಲ್ಲಾಂದ್ರೆ ಡೀಸೆಲ್‌ಗೇ ಅಂತ ಮಾಡಿದ ಒಳ್ಳೇ ರಬ್ಬರ್ ಪೈಪು, ಸರಿಯಾದ ಕ್ಲಿಪ್ಪು ಇಷ್ಟೇ ಸಾಕು.

ಹೊರಗೆ ತೊಟ್ಟು ಡೀಸೆಲ್ ಇಲ್ಲ, ಒಳಗೆ ಏರ್

ಟ್ಯಾಂಕಿಂದ ಫೀಡ್ ಪಂಪ್‌ವರೆಗಿನ ಪೈಪಲ್ಲಿ ಡೀಸೆಲನ್ನ ಪಂಪು ಎಳೆದುಕೊಳ್ಳುತ್ತೆ. ಅಲ್ಲಿ ಜಾಯಿಂಟ್ ಸಡಿಲ ಇದ್ರೆ ಡೀಸೆಲ್ ಹೊರಗೆ ಬರೋ ಬದಲು ಗಾಳಿ ಒಳಗೆ ಹೋಗುತ್ತೆ. ಅದಕ್ಕೇ ಜಾಯಿಂಟ್ ಒಣಗಿದಂಗೆ ಕಂಡ್ರೂ ಗಾಡಿ ನಿಲ್ಲುತ್ತೆ. ಅನುಮಾನ ಇದ್ರೆ ಆ ಜಾಗದಲ್ಲಿ ಸ್ವಲ್ಪ ಹೊತ್ತು ಪಾರದರ್ಶಕ ಪೈಪ್ ಹಾಕಿ ಓಡಿಸಿ ನೋಡಿ. ಗುಳ್ಳೆ ಹೋಗ್ತಿದ್ರೆ ಅದಕ್ಕಿಂತ ಹಿಂದಿನ ಯಾವುದೋ ಜಾಯಿಂಟ್ ಗಾಳಿ ಕುಡೀತಿದೆ ಅಂತ ಅರ್ಥ.

ಎಷ್ಟೋ ಸಲ ತಪ್ಪು ಪೈಪಿಂದಲ್ಲ, ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರ್‌ದು. ಒಂದ್ಸಲ ಅಮುಕಿದ ವಾಷರ್ ಗಟ್ಟಿಯಾಗಿರುತ್ತೆ, ಮತ್ತೆ ಸರಿಯಾಗಿ ಕೂರೋದಿಲ್ಲ. ಬಿಚ್ಚಿದಾಗೆಲ್ಲ ಎರಡೂ ಕಡೆ ಹೊಸ ವಾಷರ್ ಹಾಕಿ. ಚಿಲ್ಲರೆ ದುಡ್ಡಿನ ಸಾಮಾನು ಅದು.

ಎರಡು ಜಾತಿ ಪೈಪು, ಎರಡು ಜಾತಿ ಫಿಟ್ಟಿಂಗು

ಜಾಲರಿ ಪೈಪಿನ ಮೇಲ್ಭಾಗ ಒಂದೇ ಥರ ಕಂಡ್ರೂ ಒಳಗೆ ಬೇರೆ ಬೇರೆ. ಒಂದರಲ್ಲಿ ದಪ್ಪ ರಬ್ಬರ್. ಇನ್ನೊಂದರಲ್ಲಿ ತೆಳುವಾದ, ನುಣುಪಾದ ಟೆಫ್ಲಾನ್ ಕೊಳವೆ. ರಬ್ಬರ್ ಪೈಪಿನ ಫಿಟ್ಟಿಂಗ್ ರಬ್ಬರನ್ನ ಹಿಂಡಿ ಹಿಡಿಯುತ್ತೆ. ಟೆಫ್ಲಾನ್‌ಗೆ ಆ ಹಿಡಿತ ಸಾಲದು. ಕೊಳವೆಗೂ ಜಾಲರಿಗೂ ಮಧ್ಯೆ ಒಂದು ಪುಟ್ಟ ಲೋಹದ ಉಂಗುರ ಕೂರಿಸಬೇಕು, ಅದಕ್ಕೆ ಬೇರೆ ಫಿಟ್ಟಿಂಗೇ ಬೇಕು. ನಾನು ಟೆಫ್ಲಾನ್ ಪೈಪಿಗೆ ರಬ್ಬರ್ ಫಿಟ್ಟಿಂಗ್ ಹಾಕಿದ್ದೆ.

ಇನ್ನೊಂದು ಮೋಸ ಅಳತೆಯದ್ದು. ಈ ಫಿಟ್ಟಿಂಗ್‌ಗಳಲ್ಲಿ 6 ಅಂದ್ರೆ 6 ಮಿ.ಮೀ. ಅಲ್ಲ. ಇಂಚಿನ ಹದಿನಾರು ಭಾಗದಲ್ಲಿ ಆರು, ಅಂದ್ರೆ 3/8 ಇಂಚಿನ ಪೈಪು. ಅದರ ಥ್ರೆಡ್ 9/16 ಇಂಚು, ಇಂಚಿಗೆ 18 ಸುತ್ತು. ಅಂದ್ರೆ ಹೆಚ್ಚುಕಮ್ಮಿ 14.3 ಮಿ.ಮೀ. ಡೀಸೆಲ್ ಪಂಪು, ಫಿಲ್ಟರ್‌ಗಳಲ್ಲಿ 14 ಮಿ.ಮೀ., 1.5 ಪಿಚ್ ಥ್ರೆಡ್ ಸಿಗೋದು ಮಾಮೂಲು. ಕಣ್ಣಿಗೆ ಎರಡೂ ಒಂದೇ. ಆದ್ರೆ ಕೈಯಲ್ಲಿ ತಿರುಗಿಸಿದ್ರೆ ಎರಡು ಸುತ್ತು ಹೋಗಿ ಬಿಗಿ ಹಿಡಿಯುತ್ತೆ, ಇಲ್ಲಾ ಸಡಿಲ ಆಡುತ್ತೆ. ಅಲ್ಲೇ ನಿಲ್ಲಿಸಿ. ಪಾನಾ ಹಾಕಿ ಬಲ ಬಿಟ್ರೆ ಪಂಪಿನ ಥ್ರೆಡ್ಡೇ ಹೋಗುತ್ತೆ. ತುದಿಯ ಕೋನವೂ ಅಷ್ಟೇ: 37 ಡಿಗ್ರಿಯ ಮುಖಕ್ಕೆ 45 ಡಿಗ್ರಿಯದು ಕೂರೋದಿಲ್ಲ. ಅಂಗಡಿಗೆ ಹೋಗುವಾಗ ಫೋಟೋ ಬೇಡ, ಹಳೇ ಬೋಲ್ಟನ್ನೇ ಜೇಬಲ್ಲಿ ಹಾಕ್ಕೊಂಡು ಹೋಗಿ.

ಹಾಕಲೇಬೇಕು ಅಂದ್ರೆ ಹೀಗೆ ಹಾಕಿ

1. ಕತ್ತರಿಸೋ ಜಾಗಕ್ಕೆ ಬಿಗಿಯಾಗಿ ಟೇಪ್ ಸುತ್ತಿ, ಟೇಪಿನ ನಡುವೆ ನೇರವಾಗಿ ಕತ್ತರಿಸಿ. ಹ್ಯಾಕ್ಸಾ ಆದ್ರೆ ಸಣ್ಣ ಹಲ್ಲಿನ ಬ್ಲೇಡ್. ಜಾಲರಿ ಎಳೆ ಬಿಚ್ಚಿಕೊಂಡ್ರೆ ಕೈಗೂ ಚುಚ್ಚುತ್ತೆ, ಫಿಟ್ಟಿಂಗೂ ಕೂರೋದಿಲ್ಲ.
2. ಒಳಗಿನ ಚೂರನ್ನ ಗಾಳಿ ಹೊಡೆದು, ಡೀಸೆಲಲ್ಲಿ ತೊಳೆದು ತೆಗೀರಿ. ಒಂದು ಲೋಹದ ಚೂರು ಸಾಕು, ಪಂಪು ಕೆಡೋಕೆ.
3. ರಬ್ಬರ್ ಪೈಪಾದ್ರೆ ಹೊರಗಿನ ತುಂಡಿಗೆ ಪೈಪನ್ನ ಪೂರ್ತಿ ತಳ್ಳಿ, ಅದರ ಅಂಚಿಗೆ ಮಾರ್ಕರ್‌ನಿಂದ ಗೆರೆ ಎಳೀರಿ. ಒಳಗಿನ ತುಂಡಿಗೆ ಎಣ್ಣೆ ಸವರಿ ತಿರುಗಿಸಿ. ಗೆರೆ ಹಿಂದೆ ಸರಿದಿದ್ರೆ ಪೈಪ್ ಹೊರಗೆ ಬಂದಿದೆ, ಬಿಚ್ಚಿ ಮತ್ತೆ ಮಾಡಿ.
4. ಬಿಗಿ ಮಾಡುವಾಗ ಎರಡು ಪಾನಾ. ಒಂದು ಹಿಡಿಯೋಕೆ, ಒಂದು ತಿರುಗಿಸೋಕೆ. ಅಲ್ಯೂಮಿನಿಯಂ ಫಿಟ್ಟಿಂಗ್ ಮೆತ್ತಗಿರುತ್ತೆ, ಜಾಸ್ತಿ ಬಲ ಬೇಡ.
5. ಟೆಫ್ಲಾನ್ ಟೇಪ್ ಸುತ್ತಬೇಡಿ. ಇಲ್ಲಿ ಸೀಲ್ ಆಗೋದು ಮುಖ ಅಥವಾ ವಾಷರ್ ಮೇಲೆ, ಥ್ರೆಡ್ ಮೇಲಲ್ಲ. ಹರಿದ ಟೇಪಿನ ಚೂರು ಒಳಗೆ ಹೋಗಿ ಸಿಕ್ಕಿಕೊಳ್ಳುತ್ತೆ.
6. ಜಾಲರಿ ಗರಗಸ ಇದ್ದಂಗೆ. ಪಕ್ಕದ ವೈರು, ಪೈಪಿಗೆ ಉಜ್ಜಿದ್ರೆ ಕೊಯ್ಯುತ್ತೆ. ಸ್ಟಾರ್ಟರ್ ಟರ್ಮಿನಲ್‌ಗೆ ತಗುಲಿದ್ರೆ ಕಿಡಿ. ಡೀಸೆಲ್ ಪಕ್ಕದಲ್ಲಿ ಕಿಡಿ ಅಂದ್ರೆ ಏನಂತ ಹೇಳಬೇಕಿಲ್ಲ. ದೂರದಲ್ಲಿ ಕ್ಲಿಪ್ ಹಾಕಿ ಕಟ್ಟಿ.

ಇಷ್ಟು ತಾಳ್ಮೆ ಇಲ್ಲಾಂದ್ರೆ ಪೇಟೆಯಲ್ಲಿ ಜೆಸಿಬಿ ಹೋಸ್ ಪ್ರೆಸ್ ಮಾಡೋರ ಹತ್ರ ಹೋಗಿ. ಡೀಸೆಲ್‌ಗೆ ಅಂತ ಹೇಳಿ, ಪೈಪೂ ಫಿಟ್ಟಿಂಗೂ ಜೋಡಿಯಾಗೇ ಪ್ರೆಸ್ ಮಾಡಿಸಿ. ಅದೇ ನೆಮ್ಮದಿ.

ಒಂದು ಕಡೆ ಮಾತ್ರ ಯಾವ ಪ್ರಯೋಗವೂ ಬೇಡ. ಪಂಪಿಂದ ಇಂಜೆಕ್ಟರ್‌ಗೆ ಹೋಗೋ ಗಟ್ಟಿ ಸ್ಟೀಲ್ ಪೈಪಲ್ಲಿ 200 ಬಾರ್‌ಗೂ ಮೀರಿದ ಒತ್ತಡ ಇರುತ್ತೆ. ಕಾರಿನ ಟೈರಲ್ಲಿರೋದು ಬರೀ ಎರಡು ಬಾರ್ ಆಸುಪಾಸು. ಅಲ್ಲಿಗೆ ಕಂಪನಿಯದ್ದೇ ಪೈಪ್. ಸೋರಿಕೆ ಹುಡುಕೋಕೆ ಬೆರಳು ಇಡಬೇಡಿ, ರಟ್ಟು ಹಿಡಿದು ನೋಡಿ. ಆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡ್ರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು, ತಡ ಮಾಡಿದ್ರೆ ಬೆರಳು ಕಳ್ಕೊಳ್ಳೋ ಅಪಾಯ.

ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟದಲ್ಲಿ ಪೆಟ್ರೋಲ್ ಬ್ರಷ್ ಕಟರ್ ಇಟ್ಟುಕೊಂಡಿರೋರಿಗೂ ಒಂದು ಮಾತು. 2023ರ ಫೆಬ್ರವರಿಯಲ್ಲಿ ಬೆಂಗಳೂರಲ್ಲೇ ಬಿಡುಗಡೆಯಾದ ಇ20 ಪೆಟ್ರೋಲಲ್ಲಿ 20 ಭಾಗ ಎಥನಾಲ್. ಹಳೇ ಥರದ ರಬ್ಬರ್ ಅದಕ್ಕೆ ಬೇಗ ಮೆತ್ತಗಾಗಬಹುದು, ಬಿರುಕು ಬಿಡಬಹುದು. ಪೈಪ್ ತಗೊಳ್ಳುವಾಗ ಇ20ಗೆ ಆಗುತ್ತಾ ಅಂತ ಕೇಳಿ.

ಅಂಗಡಿಯವರಲ್ಲೂ ನನ್ನದೊಂದು ಬೇಡಿಕೆ ಇದೆ: ಪೈಪನ್ನೂ ಫಿಟ್ಟಿಂಗನ್ನೂ ಬೇರೆ ಬೇರೆ ಮಾರಬೇಡಿ, ಯಾವುದಕ್ಕೆ ಯಾವುದು ಅಂತ ಹೇಳಿ ಕೊಡಿ. ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ಬೀಜ ಗೊಬ್ಬರದ ತರಬೇತಿ ಜೊತೆ ಒಂದು ದಿನ ಡೀಸೆಲ್ ಲೈನ್ ಬಿಚ್ಚಿ ಜೋಡಿಸೋದನ್ನೂ ಕಲಿಸಿದ್ರೆ ಎಷ್ಟು ಹುಡುಗರಿಗೆ ಉಪಯೋಗ! ಅರಕಲಗೂಡಿನ ಹೊಗೆಸೊಪ್ಪಾಗಲಿ, ಶುಂಠಿಯಾಗಲಿ, ನಮ್ಮ ಆಲೂಗೆಡ್ಡೆಯಾಗಲಿ, ಹದ ಗಾಡಿಗೋಸ್ಕರ ಕಾಯೋದಿಲ್ಲ.

ಈ ಸಲ ನಾನು ಬಿತ್ತನೆಗೆ ಹದಿನೈದು ದಿನ ಮುಂಚೆಯೇ ಪೈಪ್ ಬದಲಾಯಿಸಿ, ಲೋಡ್ ಹಾಕಿ ಎರಡು ಗಂಟೆ ಓಡಿಸಿ ನೋಡಿದೆ. ಸಾದಾ ಕಪ್ಪು ಪೈಪು, ಹೊಸ ವಾಷರು. ಆಮೇಲೆ ಮೊದಲು ಹೋಗಿದ್ದು ಅದೇ ಅಣ್ಣನ ಹೊಲಕ್ಕೆ. ಗಾಡಿ ಒಂದ್ಸಲವೂ ನಿಲ್ಲಲಿಲ್ಲ.