ವಿಸ್ಕಿ ಹಳೆಯದಾದಷ್ಟೂ ಒಳ್ಳೆಯದೇ? ವಾಸ್ತವ ಇಲ್ಲಿದೆ

‘ವಿಸ್ಕಿ ಹಳೆಯದಾದಷ್ಟೂ ರುಚಿ ಹೆಚ್ಚು, ಆರೋಗ್ಯಕ್ಕೂ ಒಳ್ಳೆಯದು’ ಎಂಬ ನಂಬಿಕೆ ಹಲವರಲ್ಲಿದೆ. ಇದರಲ್ಲಿ ಮೊದಲ ಮಾತು ಪೂರ್ತಿ ನಿಜವಲ್ಲ, ಎರಡನೆಯದು ಸುಳ್ಳು.

ರುಚಿ ಬರುವುದು ಎಲ್ಲಿಂದ?

ಮೊಳಕೆ ಬರಿಸಿದ ಬಾರ್ಲಿಯನ್ನು ಹುಳಿ ಬರಿಸಿ ಭಟ್ಟಿ ಇಳಿಸಿದಾಗ ಸಿಗುವುದು ಬಣ್ಣವಿಲ್ಲದ ದ್ರವ. ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟಾಗಲೇ ಅದಕ್ಕೆ ಬಣ್ಣ, ಪರಿಮಳ ಬರುತ್ತವೆ. ಬಾಟಲಿಗೆ ತುಂಬಿದ ಮೇಲೆ ಮಾಗುವುದು ನಿಲ್ಲುತ್ತದೆ. ಆದ್ದರಿಂದ ಮನೆಯ ಕಪಾಟಿನಲ್ಲಿ 20 ವರ್ಷ ಇಟ್ಟ ಬಾಟಲಿ ‘20 ವರ್ಷದ ವಿಸ್ಕಿ’ ಆಗುವುದಿಲ್ಲ.

ಬೆಂಗಳೂರಿನ ಉದಾಹರಣೆ

1948ರಲ್ಲಿ ರಾಧಾಕೃಷ್ಣ ಜಗದಾಳೆ ಬೆಂಗಳೂರಿನಲ್ಲಿ ಅಮೃತ್ ಡಿಸ್ಟಿಲರೀಸ್ ಆರಂಭಿಸಿದರು. 2004ರಲ್ಲಿ ಕಂಪನಿ ತನ್ನ ಸಿಂಗಲ್ ಮಾಲ್ಟನ್ನು ಬಿಡುಗಡೆ ಮಾಡಿದ್ದು ಸ್ಕಾಚ್‌ನ ತವರಾದ ಗ್ಲಾಸ್ಗೊದಲ್ಲಿ. 2010ರ ‘ವಿಸ್ಕಿ ಬೈಬಲ್’ನಲ್ಲಿ ವಿಮರ್ಶಕ ಜಿಮ್ ಮರ್ರೆ ‘ಅಮೃತ್ ಫ್ಯೂಷನ್’ಗೆ 97 ಅಂಕ ಕೊಟ್ಟು, ವಿಶ್ವದಲ್ಲೇ 3ನೇ ಸ್ಥಾನದಲ್ಲಿಟ್ಟರು. ಸ್ಕಾಟ್ಲೆಂಡ್‌ನಲ್ಲಿ 12 ವರ್ಷ ಮಾಗಿಸುವುದು ಸಾಮಾನ್ಯ. ಅಮೃತ್‌ನ ಹೆಚ್ಚಿನ ವಿಸ್ಕಿಗಳಿಗೆ 4–5 ವರ್ಷವೇ ಸಾಕು. ಇದಕ್ಕೆ ಮುಖ್ಯ ಕಾರಣ ಬಿಸಿಲು.

ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಶೆಡ್‌ನಲ್ಲಿ ಸುಮಾರು 4 ಕೆ.ಜಿ. ಹಸಿ ದ್ರಾಕ್ಷಿ ಒಣಗಿದರೆ 1 ಕೆ.ಜಿ. ಮಣೂಕ ಸಿಗುತ್ತದೆ. ತೂಕ ಇಳಿಯುತ್ತದೆ, ಸಿಹಿ ಗಟ್ಟಿಯಾಗುತ್ತದೆ. ಪೀಪಾಯಿಯಿಂದಲೂ ಹೀಗೆಯೇ ಒಂದಿಷ್ಟು ಆವಿಯಾಗಿ ಹೋಗುತ್ತದೆ. ಅದನ್ನು ‘ದೇವತೆಗಳ ಪಾಲು’ ಎನ್ನುತ್ತಾರೆ. ಈ ನಷ್ಟ ಸ್ಕಾಟ್ಲೆಂಡ್‌ನಲ್ಲಿ ವರ್ಷಕ್ಕೆ ಸುಮಾರು ಶೇ 2, ಬೆಂಗಳೂರಿನಲ್ಲಿ ಶೇ 10ಕ್ಕೂ ಹೆಚ್ಚು. ಈ ಲೆಕ್ಕದಲ್ಲಿ 10 ವರ್ಷದ ನಂತರ 100 ಲೀಟರ್‌ನಲ್ಲಿ ಅಲ್ಲಿ 80 ಲೀಟರ್‌ಗಿಂತ ಹೆಚ್ಚು ಉಳಿದರೆ, ಇಲ್ಲಿ ಉಳಿಯುವುದು ಸುಮಾರು 35 ಲೀಟರ್. ಸೆಕೆಯಲ್ಲಿ ಮರದ ಸತ್ವವೂ ಬೇಗ ಇಳಿಯುತ್ತದೆ. ಅತಿಯಾಗಿ ಇಟ್ಟರೆ ರುಚಿ ಒಗರಾಗುತ್ತದೆ.

ಒಣದ್ರಾಕ್ಷಿ ರುಚಿಯ ಗುಟ್ಟು

ಕೆಲವು ವಿಸ್ಕಿಗಳಲ್ಲಿ ಒಣದ್ರಾಕ್ಷಿಯ ರುಚಿ ಇರುತ್ತದೆ. ಅದಕ್ಕೆ ದ್ರಾಕ್ಷಿ ಹಾಕಿರುವುದಿಲ್ಲ. ಶೆರಿ ಎಂಬ ಸ್ಪೇನ್‌ನ ದ್ರಾಕ್ಷಾರಸ ತುಂಬಿಟ್ಟಿದ್ದ ಪೀಪಾಯಿಯಲ್ಲಿ ಮಾಗಿಸಿದಾಗ ಆ ರುಚಿ ಬರುತ್ತದೆ. ಮಣೂಕದಲ್ಲಿರುವ ಕಬ್ಬಿಣ, ನಾರಿನಂಶ ಅದರಲ್ಲಿ ಸಿಗುವುದಿಲ್ಲ.

ಆರೋಗ್ಯಕ್ಕೆ ಒಳ್ಳೆಯದೇ?

ಇಲ್ಲ. ಪೀಪಾಯಿ ರುಚಿಯನ್ನು ಬದಲಿಸುತ್ತದೆ, ಆಲ್ಕೋಹಾಲನ್ನು ಔಷಧವಾಗಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ಹೊಸದಾಗಲಿ, 25 ವರ್ಷದ್ದಾಗಲಿ, ಯಕೃತ್ತಿಗೆ ಎರಡೂ ಒಂದೇ.

ಹಳೆಯ ವಿಸ್ಕಿ ಹೃದಯಕ್ಕೆ ಒಳ್ಳೆಯದು ಎಂಬ ಸಂದೇಶ ನಿಮಗೆ ಬಂದರೆ, ಮುಂದಕ್ಕೆ ಕಳಿಸಬೇಡಿ.