ಗರಸು ರಸ್ತೆಗೂ ಒಂದು ಫಲಕ ಬೇಕು

ಹಳಿಯಾಳ ಪೇಟೆಯಲ್ಲಿ ಅಪ್ಪ ಇಟ್ಟಿದ್ದ ಸೈಕಲ್ ಅಂಗಡಿಯನ್ನು ಈಗ ನಾನು ನಡೆಸುತ್ತಿದ್ದೇನೆ. ಭತ್ತದ ಕೊಯ್ಲು ಶುರುವಾಗುವ ಹೊತ್ತಿಗೆ ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಗೋವಾ ಕಡೆಯ ಸವಾರರು ಮೊಣಕಾಲಿನವರೆಗೆ ಕೆಂಧೂಳು ಬಳಿದುಕೊಂಡು ಅಂಗಡಿಗೆ ಬರತೊಡಗುತ್ತಾರೆ. ಅವರ ಸೈಕಲ್ಲಿಗೆ ರೇಸಿನದರಂತೆ ಬಾಗಿದ ಹ್ಯಾಂಡಲ್ಲು, ಡಿಸ್ಕ್ ಬ್ರೇಕು, 40 ಮಿಲಿಮೀಟರ್ ಆಸುಪಾಸಿನ ಟೈರು. ಗ್ರಾವೆಲ್ ಬೈಕ್ ಎನ್ನುತ್ತಾರೆ. ಡಾಂಬರು ಬಿಟ್ಟು ಗರಸು, ಖಡಿ, ಬಂಡಿಜಾಡುಗಳ ಮೇಲೆ ದಿನವಿಡೀ ಓಡಿಸಲೆಂದೇ ಮಾಡಿದ ಗಾಡಿ ಅದು. ಅಟ್ಲಾಸ್, ಹೀರೊ ಕಂಪನಿಗಳ ಹಳೆಯ ಕರಿ ಸೈಕಲ್ಲಿಗೆ ಹಾಕುವ 28×1½ ಟೈರಿನ ಅಗಲವೂ ಹೆಚ್ಚುಕಡಿಮೆ ಅಷ್ಟೇ. ನಮ್ಮ ಕಡೆಯ ಹಾಲಿನವರು, ಅಂಚೆಯವರು, ಸಂತೆಗೆ ಹೋಗುವವರು ಅಷ್ಟೇ ಅಗಲದ ಟೈರಿನ ಮೇಲೆ ಇದೇ ಗರಸು ತುಳಿದು ಬಂದವರು.

ಈ ಸವಾರರು ನನ್ನನ್ನು ಕೇಳುವುದು ಒಂದೇ ಮಾತು: 'ಅಣ್ಣಾ, ಡಾಂಬರ್ ರಸ್ತೆ ಹತ್ತದ ದಾಂಡೇಲಿಗೆ ಹೆಂಗ ಹೋಗೂದು?' ನಾನು ಬಿಲ್ ಪುಸ್ತಕದ ಹಾಳೆ ಹರಿದು ಹಿಂಬದಿಗೆ ಗೆರೆ ಎಳೆದು ಕೊಡುತ್ತೇನೆ. ಕೆರೆಯ ದಂಡೆ, ಗುಡಿ, ಸಾಗವಾನಿ ನೆಡುತೋಪು, ಗೌಳಿಗರ ದಡ್ಡಿ, ಅಲ್ಲಿಂದ ಎಡಕ್ಕೆ. ಈ ಕೆಲಸವನ್ನು ಒಬ್ಬ ಅಂಗಡಿಕಾರ ಮಾಡಿದರೆ ಸಾಲದು. ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡ ತಾಲ್ಲೂಕುಗಳ ಹಳ್ಳಿಯಿಂದ ಹಳ್ಳಿಗೆ ಹೋಗುವ ಗರಸು ದಾರಿಗಳಲ್ಲಿ ಆಯ್ದ ಕೆಲವನ್ನು ಸೈಕಲ್ ಮಾರ್ಗವೆಂದು ಗುರುತಿಸಿ, ಕವಲು ಕವಲಿಗೂ ಕನ್ನಡದ ಫಲಕ ನೆಟ್ಟು, ಅದರ ಉಸ್ತುವಾರಿಯನ್ನು ಆಯಾ ಊರಿಗೆ ಒಪ್ಪಿಸಬೇಕು. ಹೊಸ ರಸ್ತೆ ಕಡಿಯುವುದು ಬೇಡ, ರೆಸಾರ್ಟ್ ಕಟ್ಟುವುದೂ ಬೇಡ.

ಇಷ್ಟು ಸಣ್ಣ ಜಾಗದಲ್ಲಿ ನೆಲ ಇಷ್ಟು ಬಗೆಯಾಗಿ ಬದಲಾಗುವುದು ಅಪರೂಪ. ಜೊಯಿಡಾದ ಪಶ್ಚಿಮ ಅಂಚಿನ ಕ್ಯಾಸಲ್‌ರಾಕ್, ಕಾಳಿ ನದಿ ಹುಟ್ಟುವ ಡಿಗ್ಗಿ ಕಡೆ ಮಳೆ ಸುರಿಯುವ ಪರಿಯೇ ಬೇರೆ. ಅಲ್ಲಿ ನೆರಳು, ಜಂಬಿಟ್ಟಿಗೆ ಕಲ್ಲು, ಕುಣಬಿಗರ ಗಡ್ಡೆ–ಗೆಣಸಿನ ಹಿತ್ತಿಲು. ಪೂರ್ವಕ್ಕೆ ಬಂದಂತೆ ಕಾಡು ತೆಳುವಾಗಿ ಬಿದಿರು, ಸಾಗವಾನಿ ಶುರುವಾಗುತ್ತದೆ. ಹಳಿಯಾಳ ದಾಟಿದರೆ ಭತ್ತ, ಕಬ್ಬು. ಮುಂಡಗೋಡಕ್ಕೆ ಬರುವಾಗ ಗೋವಿನಜೋಳದ ಹೊಲಗಳ ನಡುವೆ 1966ರಲ್ಲಿ ನೆಲೆಯಾದ ಟಿಬೆಟನ್ ಕ್ಯಾಂಪುಗಳು, ಡ್ರೆಪುಂಗ್, ಗಾಂದೆನ್ ಮಠಗಳು. ನಡುವೆ ಸಿದ್ದಿಯರ ಊರುಗಳು, ಗೌಳಿಗರ ಎಮ್ಮೆಗಳು. ದೊಡ್ಡ ಘಟ್ಟ ಹತ್ತುವ ಕಷ್ಟ ಇಲ್ಲ. ಆದರೆ ಏರು–ಇಳಿವು ಮುಗಿಯುವುದೇ ಇಲ್ಲ. ಹಳ್ಳಕ್ಕೆ ಇಳಿ, ದಿಬ್ಬ ಹತ್ತು, ಮತ್ತೆ ಹಳ್ಳ. ಗಟ್ಟಿ ಕೆಮ್ಮಣ್ಣಿನ ಮೇಲೆ ಬಿಡಿಗರಸು ಹರಡಿರುವ ಇಳಿಜಾರಿನಲ್ಲಿ ಸೈಕಲ್ ಬಿಡುವುದು ಗೋಲಿ ಚೆಲ್ಲಿದ ನೆಲದ ಮೇಲೆ ನಡೆದಂತೆ. ಮುಂದಿನ ಬ್ರೇಕು ಜಗ್ಗಿ ಹಿಡಿದವರು ಬೀಳುತ್ತಾರೆ. ಪೇಟೆಯಿಂದ ಬಂದವರಿಗೆ ನಾನು ಹೇಳುವ ಮೊದಲ ಮಾತು ಟೈರಿನ ಗಾಳಿ ಇಳಿಸಿಕೊಳ್ಳಿ ಎಂದು. ಎರಡನೆಯದು ಬಿದಿರುಮುಳ್ಳಿನ ವಿಷಯ. ಅದು ಟೈರಿಗೆ ಹೊಕ್ಕು ಒಳಗೇ ಮುರಿಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಟ್ಯೂಬು ಬದಲಿಸಿ ಹೊರಟವರು ಅರ್ಧ ಮೈಲಿಯಲ್ಲಿ ಮತ್ತೆ ಪಂಕ್ಚರ್ ಎಂದು ನಿಲ್ಲುತ್ತಾರೆ. ಟೈರಿನ ಒಳಮೈಗೆ ನಿಧಾನವಾಗಿ ಬೆರಳಾಡಿಸಿ ಆ ಮೊನೆ ಹುಡುಕಿ ಕೀಳಬೇಕು.

ನಿಧಾನವಾಗಿ ಬರುವವರನ್ನು ಉಪಚರಿಸುವುದು ಈ ಸೀಮೆಗೆ ಹೊಸತಲ್ಲ. ಪ್ರತಿವರ್ಷ ಭಾರತ ಹುಣ್ಣಿಮೆಯ ಸುಮಾರಿಗೆ ಉಳವಿ ಚನ್ನಬಸವೇಶ್ವರ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯ ರೈತರು ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ. ಕೊರಳಗಂಟೆಯ ಸದ್ದು ನಮ್ಮ ಪೇಟೆಗೆ ಮೊದಲು ಕೇಳಿಸಿ, ಆಮೇಲೆ ಎತ್ತುಗಳು ಕಾಣಿಸುತ್ತವೆ. ದಾರಿಯ ಊರುಗಳವರು ಎತ್ತಿಗೆ ನೀರು, ಜನಕ್ಕೆ ಊಟ, ಮಲಗಲು ಜಾಗ ಕೊಟ್ಟು ಕಳಿಸುತ್ತಾರೆ. ದಿನಕ್ಕೆ ಎಷ್ಟು ದೂರ, ಎಲ್ಲಿ ನೆರಳು, ಎಲ್ಲಿ ನೀರು ಎಂಬ ಲೆಕ್ಕವೆಲ್ಲ ಆ ಚಕ್ಕಡಿಯವರ ತಲೆಯಲ್ಲಿದೆ. ಸೈಕಲ್ ಮಾರ್ಗದ ನಕ್ಷೆ ಮಾಡುವವರು ಮೊದಲು ಕೂತು ಮಾತಾಡಬೇಕಾದ್ದು ಇವರ ಜೊತೆ.

ಈಗಿನ ಪ್ರವಾಸೋದ್ಯಮ ಬೆಳೆದದ್ದು ಹೊಳೆಯ ಬದಿಗೆ ಮಾತ್ರ. ಸೂಪಾ ಅಣೆಕಟ್ಟೆಯಿಂದ ವಿದ್ಯುತ್ತಿಗೆಂದು ನೀರು ಬಿಟ್ಟರೆ ಗಣೇಶಗುಡಿಯಲ್ಲಿ ರ‍್ಯಾಫ್ಟಿಂಗ್ ಉಂಟು, ಬಿಡದಿದ್ದರೆ ಇಲ್ಲ. ಕಾರಿನಲ್ಲಿ ಬಂದವರು ರೆಸಾರ್ಟಿಗೆ ಹೋಗಿ, ಎರಡು ರಾತ್ರಿ ಇದ್ದು, ಕಾರಿನಲ್ಲೇ ವಾಪಸಾಗುತ್ತಾರೆ. ಭಾಗವತಿ, ಸಾಂಬ್ರಾಣಿ ಸುತ್ತಿನ ಹಳ್ಳಿಗಳಿಗೆ, ಮುಂಡಗೋಡದ ಮೈನಳ್ಳಿಯಂಥ ಊರಿಗೆ ಅದರಲ್ಲಿ ಒಂದು ಚಹಾದ ದುಡ್ಡೂ ಸೇರುವುದಿಲ್ಲ. ಸೈಕಲ್ಲಿನವನ ಕಥೆ ಬೇರೆ. ಅವನಿಗೆ ತಾಸಿಗೊಮ್ಮೆ ನೀರು ಬೇಕು, ಮಧ್ಯಾಹ್ನ ರೊಟ್ಟಿ ಬೇಕು, ಕತ್ತಲಾಗುವುದರೊಳಗೆ ಸೂರು ಬೇಕು. ಎಲ್ಲಿ ಸುಸ್ತಾಗುತ್ತದೋ ಅಲ್ಲಿ ದುಡ್ಡು ಖರ್ಚಾಗುತ್ತದೆ. ಅದು ಹಳ್ಳಿಯ ಮನೆಯ ಪಡಸಾಲೆಯೇ ಆಗಿರುತ್ತದೆ.

ಕಾಡಿನ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. 2007ರಲ್ಲಿ ದಾಂಡೇಲಿ–ಅಣಶಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಿಂದ ಕಾಳಿ ಎಂಬ ಹೆಸರು ಪಡೆದಿರುವ ಆ ಕಾಡಿನೊಳಕ್ಕೆ ಸೈಕಲ್ ಹೋಗಕೂಡದು. ಅನುಮತಿಯಿಲ್ಲದೆ ಹೊಕ್ಕರೆ ಅಪರಾಧ, ಅದು ಹಾಗೆಯೇ ಇರಲಿ. ಫಲಕ ಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ. ಬೇಸಿಗೆಯ ಕಿಚ್ಚು ಹರಡದಿರಲೆಂದು ಅರಣ್ಯ ಇಲಾಖೆ ಸವರಿಟ್ಟ ಬೆಂಕಿ ರೇಖೆಗಳು ಮೊಬೈಲ್ ನಕ್ಷೆಯಲ್ಲಿ ಥೇಟ್ ರಸ್ತೆಯಂತೆಯೇ ಕಾಣುತ್ತವೆ. ಅದನ್ನು ನಂಬಿ ಒಳಗೆ ಹೋದ ಹುಡುಗರು ಗಾರ್ಡ್ ಕೈಗೆ ಸಿಕ್ಕು, ಬೈಸಿಕೊಂಡು, ಸಂಜೆ ನನ್ನ ಅಂಗಡಿಗೆ ಬಂದು ಕೂತದ್ದುಂಟು. ಇಲ್ಲಿಂದ ಮುಂದೆ ಪ್ರವೇಶವಿಲ್ಲ, ಬಲಕ್ಕೆ ತಿರುಗಿ ಎಂಬ ಒಂದು ಹಲಗೆ ಇದ್ದಿದ್ದರೆ ಅವರಿಗೂ ಗಾರ್ಡ್‌ಗೂ ತೊಂದರೆ ಇರುತ್ತಿರಲಿಲ್ಲ.

ಆನೆಗಳದ್ದು ಇನ್ನೂ ಸೂಕ್ಷ್ಮ. ಭತ್ತ ಹಾಲುಗಟ್ಟುವ ಕಾಲಕ್ಕೆ ದಾಂಡೇಲಿ ಕಾಡಿನಿಂದ ಹೊರಟ ಆನೆಗಳು ಹಳಿಯಾಳ, ಮುಂಡಗೋಡದ ಗದ್ದೆಗಳವರೆಗೆ ಬರುತ್ತವೆ. ಸೈಕಲ್ ಹೊಡೆಯಲು ಹದವಾದ ಹವೆಯೂ ಅದೇ ಸುಮಾರಿಗೆ. ಎರಡೂ ಒಂದೇ ದಾರಿಯಲ್ಲಿ ಎದುರಾಗಬಾರದು. ಗದ್ದೆ ಕಾಯುವ ರೈತನಿಗೆ ಆನೆ ನಿನ್ನೆ ರಾತ್ರಿ ಯಾವ ಹಳ್ಳ ದಾಟಿತೆಂದು ಬೆಳಿಗ್ಗೆಯೇ ಗೊತ್ತಿರುತ್ತದೆ. ಆ ದಿನ ಆ ತುಂಡು ದಾರಿಯನ್ನು ಮುಚ್ಚುವ ಅಧಿಕಾರ ಊರಿನ ಅರಣ್ಯ ಸಮಿತಿಗೆ ಇರಬೇಕು, ಜಿಲ್ಲಾ ಕೇಂದ್ರದಿಂದ ಆದೇಶ ಬರಲೆಂದು ಕಾಯುವಂತಿರಬಾರದು. ಸೂರ್ಯ ಮುಳುಗಿದ ಮೇಲೆ ಸವಾರಿ ಯಾರಿಗೂ ಬೇಡ.

ಇನ್ನು ಡಾಂಬರಿನ ಮಾತು. ಪೇಟೆಯ ಕೆಲವು ಸವಾರರು 'ಈ ರಸ್ತೆಗಳಿಗೆ ಯಾವತ್ತೂ ಟಾರ್ ಹಾಕಬಾರದು' ಎನ್ನುವಾಗ ನನಗೆ ಸಿಟ್ಟು ಬರುತ್ತದೆ. ಜೊಯಿಡಾದ ಒಳಮಜರೆಗಳಲ್ಲಿ ಮಳೆಗಾಲದಲ್ಲಿ ಆಂಬುಲೆನ್ಸ್ ಬಾರದೆ ರೋಗಿಯನ್ನು ಜೋಲಿ ಕಟ್ಟಿ ಹೊತ್ತು ತರುವುದನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ. ಊರಿಗೊಂದು ಸರ್ವಋತು ರಸ್ತೆ ಆ ಜನರ ಹಕ್ಕು. ಅದನ್ನು ಬೇಡವೆನ್ನಲು ಭಾನುವಾರ ಬಂದು ಹೋಗುವವರಿಗೆ ಏನು ಅಧಿಕಾರ? ಆದರೆ ಡಾಂಬರು ಬಂದ ಮೇಲೆ ಹಳೆಯ ಬಂಡಿದಾರಿಯನ್ನು ಎಲ್ಲರೂ ಕೈಬಿಡುತ್ತಾರೆ. ಒಬ್ಬರು ಬೇಲಿ ಸರಿಸುತ್ತಾರೆ, ಲಂಟಾನ ಮುಚ್ಚುತ್ತದೆ, ನಾಲ್ಕು ಮಳೆಗೆ ಕೊರಕಲು ಬೀಳುತ್ತದೆ. ನಾನು ಉಳಿಸಿ ಎನ್ನುತ್ತಿರುವುದು ಈ ದಾರಿಗಳನ್ನು.

ಇಟಲಿಯ ಟಸ್ಕನಿಯಲ್ಲಿ ಇದೇ ಆಯಿತು. ಅಲ್ಲಿನ ಬಿಳಿ ಜಲ್ಲಿಯ ಹಳ್ಳಿರಸ್ತೆಗಳು ಒಂದೊಂದಾಗಿ ಡಾಂಬರಿಗೆ ಸೇರುತ್ತಿದ್ದಾಗ, ಅವನ್ನು ಉಳಿಸಬೇಕೆಂದು 1997ರಲ್ಲಿ ಗಯೋಲೆ ಎಂಬ ಪುಟ್ಟ ಊರಿನಿಂದ 92 ಜನ ಹಳೇ ಸೈಕಲ್ ಹತ್ತಿ ಹೊರಟರು. ಲೆರೋಯಿಕಾ ಎಂದು ಅದರ ಹೆಸರು. ಈಗ ಅಲ್ಲಿಗೆ ಸಾವಿರಾರು ಜನ ಬರುತ್ತಾರೆ. ವರ್ಷವಿಡೀ ಯಾರು ಬೇಕಾದರೂ ಸವಾರಿ ಮಾಡಬಹುದಾದ, 209 ಕಿಲೋಮೀಟರ್ ಉದ್ದದ, ಫಲಕ ಹಾಕಿದ ಮಾರ್ಗವಿದೆ. ಅದೇ ಜಲ್ಲಿರಸ್ತೆಗಳ ಮೇಲೆ 2007ರಿಂದ ವೃತ್ತಿಪರರ ದೊಡ್ಡ ರೇಸು ನಡೆಯುತ್ತಿದೆ. ಕಚ್ಚಾರಸ್ತೆಗೆ ಬೆಲೆ ಇದೆಯೆಂದು ಆಡಳಿತಕ್ಕೆ ತೋರಿಸಿಕೊಟ್ಟದ್ದು ಸೈಕಲ್ಲು. ನಮಗೆ ರೇಸು ಬೇಕಿಲ್ಲ, ಆ ಫಲಕ ಸಾಕು.

ಈ ದಾರಿ ಹೊರಗಿನವರಿಗಷ್ಟೇ ಅಲ್ಲ. ರಾಜ್ಯ ಸರ್ಕಾರ 2006–07ರಿಂದ ಎಂಟನೇ ಇಯತ್ತೆಯ ಮಕ್ಕಳಿಗೆ ಸೈಕಲ್ ಕೊಡುತ್ತಿತ್ತು. ದಡ್ಡಿಯ ಹೆಣ್ಣುಮಕ್ಕಳು ಗುಂಪಾಗಿ ಇದೇ ಗರಸಿನ ಮೇಲೆ ಪೆಡಲು ತುಳಿದು ಹೈಸ್ಕೂಲಿಗೆ ಬರುತ್ತಿದ್ದರು. ಸೋಮವಾರ ಬೆಳಿಗ್ಗೆ ಸಡಿಲಾದ ಕ್ಯಾರಿಯರ್ ಬಿಗಿ ಮಾಡಿಸಲು ನನ್ನಲ್ಲಿ ಸಾಲು ನಿಲ್ಲುತ್ತಿತ್ತು. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತಿತು, ಸಾಲೂ ನಿಂತಿತು. ಮಳೆಗಾಲ ಮುಗಿದೊಡನೆ ಉದ್ಯೋಗ ಖಾತರಿ ಕೆಲಸದಲ್ಲಿ ಕೊರಕಲಿಗೆ ಗರಸು ತುಂಬಿ, ಪಕ್ಕದ ಗಟಾರ ಬಿಡಿಸಿದರೆ ಶಾಲೆಯ ಮಕ್ಕಳಿಗೆ ಆಗುವ ಉಪಯೋಗವೇ ದೊಡ್ಡದು. ಸೈಕಲ್ ಯೋಜನೆಯನ್ನೂ ಮತ್ತೆ ಶುರು ಮಾಡಬೇಕು.

ಮೊದಲು ಹಳಿಯಾಳ–ಮುಂಡಗೋಡ ನಡುವಿನದನ್ನು ಹಿಡಿಯುವುದು ಸುಲಭ. ಹುಲಿ ಕಾಡಿನ ತಂಟೆ ಕಡಿಮೆ, ಹಳ್ಳಿಗಳು ಹತ್ತಿರ ಹತ್ತಿರ. ಒಂದೇ ಗಂಡಾಂತರವೆಂದರೆ ನಡುವೆ ಯಲ್ಲಾಪುರ ತಾಲ್ಲೂಕಿನ ಕಿರವತ್ತಿ ಬಳಿ ಹುಬ್ಬಳ್ಳಿ–ಅಂಕೋಲಾ ಹೆದ್ದಾರಿ ದಾಟುವುದು. ಅಲ್ಲಿ ಲಾರಿಗಳ ವೇಗ ತಗ್ಗಿಸುವ ಉಬ್ಬು, ಎಚ್ಚರಿಕೆಯ ದೀಪ ಇಲ್ಲದೆ ಯಾರನ್ನೂ ಆ ಕಡೆ ಕಳಿಸಬಾರದು. ಜಿಲ್ಲಾ ಪಂಚಾಯಿತಿ, ಅರಣ್ಯ ಮತ್ತು ಪ್ರವಾಸೋದ್ಯಮ ಇಲಾಖೆಗಳು ಒಂದೇ ಮೇಜಿಗೆ ಕೂತರೆ ಇದಕ್ಕೆ ದೊಡ್ಡ ಅನುದಾನವೇನೂ ಬೇಕಾಗದು. ನಕ್ಷೆಯ ಕರಡನ್ನು ಹಿಡಿದು ಮೊದಲು ಗ್ರಾಮಸಭೆಗಳಿಗೆ ಹೋಗಲಿ. ಊಟಕ್ಕೆಷ್ಟು, ವಸತಿಗೆಷ್ಟು, ಒಂದು ದಿನಕ್ಕೆ ಎಷ್ಟು ಜನ ಬರಬಹುದು ಎಂಬುದನ್ನು ಆ ಊರಿನವರೇ ಗೊತ್ತು ಮಾಡಲಿ. ಯಾವುದಾದರೂ ಗ್ರಾಮಸಭೆ ಬೇಡವೆಂದರೆ ದಾರಿ ಆ ಊರನ್ನು ಬಳಸಿಕೊಂಡು ಹೋಗಲಿ.